ಹೆಡ್‌ಫೋನ್‌ಗೆ ಕಳಚುವ ಕೇಬಲ್: ಮನೆಯಲ್ಲೇ ಮಾಡಿಕೊಂಡ ನನ್ನ ಅನುಭವ

ಕೆಟ್ಟುಹೋಯಿತು ಎಂದು ಮೂಲೆ ಸೇರಿದ ಹೆಡ್‌ಫೋನ್ ಬಿಚ್ಚಿ ನೋಡಿದಾಗಲೆಲ್ಲ ನಾನು ಕಂಡದ್ದು ಒಂದೇ. ಡ್ರೈವರ್, ಅಂದರೆ ಒಳಗಿನ ಪುಟ್ಟ ಸ್ಪೀಕರ್, ಚೆನ್ನಾಗಿಯೇ ಇರುತ್ತದೆ, ಸತ್ತಿರುವುದು ವೈರ್. ಅದೂ ಪೂರ್ತಿ ವೈರ್ ಅಲ್ಲ. ಪಿನ್ನಿನ ಕುತ್ತಿಗೆಯ ಹತ್ತಿರ ಅಥವಾ ಕಿವಿ ಮುಚ್ಚುವ ಕಪ್ಪಿನೊಳಗೆ ನುಗ್ಗುವ ಕಡೆ ಒಂದಿಂಚು ಜಾಗ. ದಿನಾ ಬಾಗುವುದು ಅಲ್ಲೇ, ಒಳಗಿನ ಎಳೆಗಳು ಒಂದೊಂದಾಗಿ ಕಡಿಯುವುದೂ ಅಲ್ಲೇ. ಮೊದಲು ಕರಕರ ಸದ್ದು, ಆಮೇಲೆ ವೈರ್ ಹಿಂಡಿ ಹಿಡಿದರೆ ಮಾತ್ರ ಎರಡೂ ಕಿವಿಗೆ ಕೇಳಿಸುತ್ತದೆ, ಕೊನೆಗೆ ಒಂದು ಕಿವಿ ಪೂರ್ತಿ ಬಂದ್. ಒಂದಿಂಚು ವೈರ್‌ಗೋಸ್ಕರ ಸಾವಿರಾರು ರೂಪಾಯಿಯ ವಸ್ತು ಬಿಸಾಡುವುದು ನನಗೆ ಸರಿ ಕಾಣುವುದಿಲ್ಲ.

ಕಂಪನಿಗಳಿಗೆ ಇದು ಗೊತ್ತಿಲ್ಲದ ವಿಷಯವೇನಲ್ಲ. ಸೆನ್‌ಹೈಸರ್ ಎಚ್‌ಡಿ 600ರ ಕೇಬಲ್ ಎರಡೂ ಕಡೆ ಕಳಚಿ ಬರುತ್ತದೆ. ಎಕೆಜಿ ಕೆ240 ಸ್ಟುಡಿಯೋದಲ್ಲಿ ಕೇಬಲ್ ಕಳಚಲು ಮಿನಿ ಎಕ್ಸ್‌ಎಲ್‌ಆರ್ ಎಂಬ ಬಗೆಯ ಸಾಕೆಟ್ ಇದೆ. ಆಡಿಯೊ ಟೆಕ್ನಿಕಾ ಎಂ50ಗೆ ಕೇಬಲ್ ಅಂಟಿಕೊಂಡೇ ಇತ್ತು, 2014ರಲ್ಲಿ ಬಂದ ಎಂ50ಎಕ್ಸ್‌ನಲ್ಲಿ ಕಳಚುವ ಕೇಬಲ್ ಕೊಟ್ಟರು. ನನ್ನದು ಕಪ್ ಮುಚ್ಚಿರುವ, ಎಡಗಡೆಯಿಂದ ಮಾತ್ರ ಕೇಬಲ್ ಹೋಗುವ ಸ್ಟುಡಿಯೋ ಮಾದರಿ. ಬಲಗಿವಿಗೆ ಹೋಗುವ ವೈರ್ ತಲೆಪಟ್ಟಿಯೊಳಗಿಂದ ದಾಟುತ್ತದೆ. ಮನೆಯಲ್ಲಿ ಮಾಡುವವರಿಗೆ ಇಂಥದ್ದೇ ಸುಲಭ. ಒಂದೇ ತೂತು, ಒಂದೇ ಸಾಕೆಟ್, ಕೆಲಸ ಎಲ್ಲ ಒಂದೇ ಕಪ್ಪಿನಲ್ಲಿ.

ಯಾವ ಸಾಕೆಟ್ ಹಾಕಬೇಕು ಎಂದು ಸಾಕಷ್ಟು ಯೋಚಿಸಿದೆ. ಮಿನಿ ಎಕ್ಸ್‌ಎಲ್‌ಆರ್ ಗಟ್ಟಿ, ಲಾಕ್ ಆಗುತ್ತದೆ. ಆದರೆ ಆ ಲಾಕ್ ನನಗೆ ಬೇಡವಾಗಿತ್ತು. ಕೇಬಲ್ ಕುರ್ಚಿಗೋ ಕಾಲಿಗೋ ಸಿಕ್ಕರೆ ಪಿನ್ ತಾನಾಗಿ ಕಿತ್ತು ಬರಬೇಕು, ಹೆಡ್‌ಫೋನ್ ನೆಲಕ್ಕೆ ಬೀಳಬಾರದು. 2.5 ಮಿ.ಮೀ. ಪಿನ್ ತೀರಾ ತೆಳು, ಕೇಬಲ್ ಹುಡುಕುವುದೂ ಕಷ್ಟ. ಕೊನೆಗೆ ಸಾಮಾನ್ಯ 3.5 ಮಿ.ಮೀ. ಸ್ಟೀರಿಯೋ ಸಾಕೆಟ್ ಎಂದು ತೀರ್ಮಾನಿಸಿದೆ. ಅದಕ್ಕೆ ಬೇಕಾದ ಕೇಬಲ್ ಯಾವ ಊರಿನ ಮೊಬೈಲ್ ಅಂಗಡಿಯಲ್ಲಾದರೂ ಸಿಗುತ್ತದೆ. ಕಾರಿಗೆ ಹಾಕುವ ಆಕ್ಸ್ ಕೇಬಲ್ ಇದೆಯಲ್ಲ, ಅದೇ ಸಾಕು.

ಸಾಕೆಟ್ ತಂದದ್ದು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಮಾರುಕಟ್ಟೆಯಾದ ಎಸ್‌ಪಿ ರೋಡಿನಿಂದ. ಅಲ್ಲಿ ಸುಮ್ನೆ 'ಆಡಿಯೊ ಸಾಕೆಟ್ ಕೊಡಿ' ಎಂದರೆ ಬೋರ್ಡಿಗೆ ಬೆಸುಗೆ ಹಾಕುವಂಥದ್ದು ಕೊಟ್ಟುಬಿಡುತ್ತಾರೆ. ನಮಗೆ ಬೇಕಿರುವುದು ಪ್ಯಾನೆಲ್ ಮೌಂಟ್, ಅಂದರೆ ತೂತಿನಲ್ಲಿ ಕೂರಿಸಿ ನಟ್ ಬಿಗಿಯುವಂಥದ್ದು. ಕುತ್ತಿಗೆಗೆ ಲೋಹದ ಥ್ರೆಡ್ ಇರಬೇಕು, ಜೊತೆಗೆ ನಟ್ ಬರಬೇಕು. ವೈರ್ ಬೆಸೆಯಲು ಮೂರು ಕಾಲು ಇರುವುದನ್ನೇ ಕೇಳಿ. ಐದು ಕಾಲು ಇದ್ದರೆ ಎರಡು ಸ್ವಿಚ್‌ನವು. ಪಿನ್ ಹಾಕಿದಾಗ ಅವು ಬಿಟ್ಟುಕೊಳ್ಳುತ್ತವೆ, ಅಲ್ಲಿ ವೈರ್ ಕೂರಿಸಿದರೆ ಸದ್ದೇ ಬರುವುದಿಲ್ಲ. ಕೌಂಟರಿನಲ್ಲೇ ಒಂದು ಪಿನ್ ಚುಚ್ಚಿ ನೋಡಿ. ಟಕ್ ಎಂದು ಕೂರಬೇಕು, ಪಿನ್ ತಿರುಗಿಸಿದರೆ ಅಲ್ಲಾಡಬಾರದು. ನನ್ನ ಪ್ರಕಾರ ಇಡೀ ಕೆಲಸದ ಆಯುಷ್ಯ ನಿಂತಿರುವುದು ಈ ಸಾಕೆಟ್ ಮೇಲೆ. ಬೆಸುಗೆ ಬಿಟ್ಟರೆ ಇನ್ನೊಮ್ಮೆ ಹಾಕಬಹುದು. ಸಾಕೆಟ್ ಸಡಿಲವಾದರೆ ಮತ್ತೆ ಹಳೇ ಕರಕರ.

ಕೇಬಲ್ ಕತ್ತರಿಸುವ ಮೊದಲೇ ಮಲ್ಟಿಮೀಟರ್ ಹಿಡಿದು ಯಾವ ವೈರ್ ಎಲ್ಲಿಗೆ ಹೋಗುತ್ತದೆ ಎಂದು ಬರೆದುಕೊಳ್ಳಬೇಕು. ಪಿನ್ನಿನ ತುದಿ ಎಡಗಿವಿಗೆ, ನಡುವಿನ ಉಂಗುರ ಬಲಗಿವಿಗೆ, ಬುಡದ ಭಾಗ ಎರಡಕ್ಕೂ ಸೇರಿದ ಗ್ರೌಂಡ್. ಇದಿಷ್ಟು ಖಾತ್ರಿ. ಬಣ್ಣಗಳನ್ನು ಮಾತ್ರ ನಂಬಬೇಡಿ. ಕೆಂಪು ಬಲಕ್ಕೆ ಇರುವುದು ರೂಢಿ, ಆದರೆ ಎಡಕ್ಕೆ ಒಬ್ಬರು ಹಸಿರು ಹಾಕುತ್ತಾರೆ, ಒಬ್ಬರು ನೀಲಿ, ಒಬ್ಬರು ಬಿಳಿ. ಮೀಟರನ್ನು ಓಮ್ಸ್‌ಗೆ (ರೋಧ ಅಳೆಯುವ ಸ್ಥಾನಕ್ಕೆ) ಇಟ್ಟು ಅದರ ಕಡ್ಡಿಗಳನ್ನು ಮುಟ್ಟಿಸಿದರೆ ಡ್ರೈವರ್ ಸಣ್ಣಗೆ ಚಟ್ ಎನ್ನುತ್ತದೆ. ಯಾವ ಕಿವಿ ಎಂದು ಅದೇ ಹೇಳುತ್ತದೆ.

ಇಯರ್‌ಪ್ಯಾಡ್ ಎಳೆದು ತೆಗೆದರೆ ಸ್ಕ್ರೂಗಳು ಕಾಣುತ್ತವೆ. ಬಿಚ್ಚಿದ ಕೂಡಲೇ ಡ್ರೈವರಿನ ಎರಡೂ ಮುಖಕ್ಕೆ ಕಾಗದದ ಟೇಪ್ ಅಂಟಿಸಿದೆ. ಅದರಲ್ಲಿ ಬಲವಾದ ಅಯಸ್ಕಾಂತ ಇರುತ್ತದೆ. ಸಣ್ಣ ಕಬ್ಬಿಣದ ಚೂರು ಒಳಗೆ ಸೇರಿದರೆ ತೆಗೆಯುವುದು ಅಸಾಧ್ಯ ಎನ್ನುವಷ್ಟು ಕಷ್ಟ, ಆಮೇಲೆ ಪ್ರತಿ ತಬಲಾ ಪೆಟ್ಟಿಗೂ ಗಿರಗಿರ ಎನ್ನುತ್ತದೆ. ಇನ್ನೊಂದು ಮಾತು. ಡ್ರೈವರಿನ ಮೇಲಿರುವ ಬೆಸುಗೆಯನ್ನು ನಾನು ಮುಟ್ಟಲೇ ಇಲ್ಲ. ಅಲ್ಲಿಂದ ವಾಯ್ಸ್ ಕಾಯಿಲ್‌ಗೆ (ಡ್ರೈವರಿನೊಳಗಿನ ತಂತಿ ಸುರುಳಿಗೆ) ಹೋಗುವ ತಂತಿ ಕೂದಲಿಗಿಂತ ತೆಳು, ಬಿಸಿ ಜಾಸ್ತಿಯಾದರೆ ಕಥೆ ಮುಗಿಯಿತು. ಕಪ್ಪಿನೊಳಗೆ ಹಳೇ ಕೇಬಲ್ಲಿನ ಒಂದು ಗೇಣು ಉಳಿಸಿಕೊಂಡು ಕತ್ತರಿಸಿದೆ. ಅದೇ ತುಂಡಿನ ತುದಿಗಳನ್ನು ಸಾಕೆಟ್‌ಗೆ ಸೇರಿಸುವುದು ಲೆಕ್ಕ.

ತೂತು ಕೊರೆಯುವ ಮುಂಚೆ ಒಳಗೆ ಜಾಗ ಇದೆಯೇ ಎಂದು ನೋಡಬೇಕಲ್ವಾ? ಅದಕ್ಕೆ ಚಪಾತಿ ಹಿಟ್ಟು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಸ್ವಲ್ಪ ಗಟ್ಟಿಯಾಗಿ ಕಲಸಿದ ಹಿಟ್ಟಿನ ಉಂಡೆಯನ್ನು ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಸಾಕೆಟ್ ಕೂರುವ ಜಾಗದಲ್ಲಿಟ್ಟು, ಕಪ್ ಮುಚ್ಚಿ ಒತ್ತಿದೆ. ತೆಗೆದು ನೋಡಿದಾಗ ಡ್ರೈವರಿನ ಬೆನ್ನು ಹಿಟ್ಟಿನಲ್ಲಿ ಅಚ್ಚೊತ್ತಿತ್ತು. ಉಳಿದ ದಪ್ಪವನ್ನು ಸ್ಕೇಲಿನಲ್ಲಿ ಅಳೆದರೆ ಸಾಕೆಟ್ ಹಿಡಿಸುತ್ತದೋ ಇಲ್ಲವೋ ಖಚಿತವಾಗುತ್ತದೆ.

ಹೊಸ ತೂತು ಬೇಕಾಗಲಿಲ್ಲ. ಕೇಬಲ್ ಒಳಹೋಗುತ್ತಿದ್ದ ತೂತನ್ನೇ ದೊಡ್ಡದು ಮಾಡಿದೆ. ಈ ಸಾಕೆಟ್ಟಿನ ಕುತ್ತಿಗೆಗೆ ಸುಮಾರು 6 ಮಿ.ಮೀ. ಬೇಕು. ಓಡುವ ಡ್ರಿಲ್ ಮೆಷಿನ್ ಹಾಕಿದರೆ ಪ್ಲಾಸ್ಟಿಕ್ ಕರಗುತ್ತದೆ, ಇಲ್ಲವೇ ಬಿರುಕು ಬಿಡುತ್ತದೆ. ಬಿಟ್ ಅನ್ನು ಕೈಯಲ್ಲೇ ಹಿಡಿದು ತಿರುಗಿಸುತ್ತ, ಕೊನೆಯ ಅರ್ಧ ಮಿ.ಮೀ. ದುಂಡು ಅರದಲ್ಲಿ ತೀಡಿದೆ. ಕಪ್ಪಿನ ಗೋಡೆ ಆ ಜಾಗದಲ್ಲಿ ದಪ್ಪ, ಒಳಗಡೆ ಒಂದು ಏಣು ಬೇರೆ ಇತ್ತು. ಅದನ್ನು ಕಟರಿನಲ್ಲಿ ಕೆತ್ತಿ ತೆಳುವಾಗಿಸಿದ ಮೇಲೆಯೇ ಹೊರಗೆ ನಟ್ ಹಿಡಿಯುವಷ್ಟು ಥ್ರೆಡ್ ಬಂತು.

ಇನ್ನು ಬೆಸುಗೆ. ಹೆಡ್‌ಫೋನ್ ವೈರ್ ಮಾಮೂಲಿ ತಾಮ್ರದ ವೈರ್ ತರಹ ಇರುವುದಿಲ್ಲ ಎಂಬುದು ಮೊದಲ ಸಲ ಮಾಡುವವರಿಗೆ ಗೊತ್ತಿರಬೇಕು. ಸಿಪ್ಪೆ ಬಿಡಿಸಿದರೆ ಒಳಗೆ ನೈಲಾನ್ ನೂಲಿನ ಸುತ್ತ ಬಣ್ಣಬಣ್ಣದ ಸೂಕ್ಷ್ಮ ಎಳೆಗಳು ಹೆಣೆದುಕೊಂಡಿರುತ್ತವೆ. ಆ ಬಣ್ಣವೇ ಇನಾಮೆಲ್, ಪ್ರತಿ ಎಳೆಗೂ ಬಳಿದ ಇನ್ಸುಲೇಷನ್. ಅದು ಇರುವ ತನಕ ಸೀಸ (ಬೆಸುಗೆಗೆ ಕರಗಿಸುವ ಲೋಹ) ಹಿಡಿಯುವುದೇ ಇಲ್ಲ, ಕೆಸುವಿನ ಎಲೆಯ ಮೇಲಿನ ನೀರಿನ ಹಾಗೆ ಉರುಳಿಹೋಗುತ್ತದೆ. ಬ್ಲೇಡಿನಲ್ಲಿ ಕೆರೆಯಲು ಹೋದರೆ ಎಳೆಗಳೇ ತುಂಡಾಗುತ್ತವೆ. ನಾನು ಮಾಡಿದ್ದು ಹೀಗೆ. ಬೆಸುಗೆ ಹಾಕುವ ಐರನ್ ಅನ್ನು 380 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಏರಿಸಿ, ತುದಿಯಲ್ಲಿ ಸೀಸದ ಒಂದು ದಪ್ಪ ಹನಿ ನಿಲ್ಲಿಸಿಕೊಂಡೆ. ಫ್ಲಕ್ಸ್ (ಬೆಸುಗೆ ಹಿಡಿಯಲು ನೆರವಾಗುವ ಲೇಪ) ಹಚ್ಚಿದ ವೈರಿನ ತುದಿಯನ್ನು ಆ ಹನಿಯೊಳಗೆ ಅದ್ದಿ ಹಿಡಿದೆ. ಮೊದಲು ಏನೂ ಆಗುವುದಿಲ್ಲ. ಆಮೇಲೆ ಸಣ್ಣ ಹೊಗೆ ಏಳುತ್ತದೆ, ತುದಿಯ ಬಣ್ಣ ಕಪ್ಪಾಗುತ್ತದೆ, ಮರುಕ್ಷಣ ಬೆಳ್ಳಿಯ ಹೊಳಪು ತುದಿಯಿಂದ ಮೇಲಕ್ಕೆ ಹತ್ತಿಕೊಂಡು ಬರುತ್ತದೆ. ಇನಾಮೆಲ್ ಸುಟ್ಟು ಸೀಸ ಒಳಗೆ ಇಳಿಯಿತು ಎಂದರ್ಥ. ಎರಡು ಮೂರು ಮಿ.ಮೀ. ಹೊಳೆದರೆ ಸಾಕು. ಕಿಟಕಿ ತೆರೆದಿಟ್ಟುಕೊಳ್ಳಿ, ಆ ಹೊಗೆ ಕುಡಿಯುವಂಥದ್ದಲ್ಲ.

ಸಾಕೆಟ್ಟನ್ನು ಕಪ್ಪಿನ ಹೊರಗೇ ಹಿಡಿದು ಬೆಸುಗೆ ಮುಗಿಸಿದೆ. ವೈರ್ ಉದ್ದ ಉಳಿಸಿಕೊಂಡದ್ದು ಇದಕ್ಕೇ. ಕಾದ ಐರನ್ ಡ್ರೈವರಿನ ಹತ್ತಿರ ಸುಳಿಯಲೇಬಾರದು. ಬಿಸಿ ತಾಗಿದರೆ ಕುಗ್ಗಿ ವೈರಿಗೆ ಅಂಟಿಕೊಳ್ಳುವ ಹೀಟ್ ಶ್ರಿಂಕ್ ಕೊಳವೆಗಳನ್ನು ಮೊದಲೇ ವೈರಿಗೆ ಪೋಣಿಸಿರಬೇಕು. ಸಾಕೆಟ್ಟಿನ ಕಾಲಿನ ಮೇಲೆ ಐರನ್ ಜಾಸ್ತಿ ಹೊತ್ತು ಇಟ್ಟರೆ ಅದರ ಪ್ಲಾಸ್ಟಿಕ್ ಮೆತ್ತಗಾಗಿ ಕಾಲು ವಾಲುತ್ತದೆ, ಹಾಗಾಗಿ ಒಂದು ಪಿನ್ ಚುಚ್ಚಿಟ್ಟುಕೊಂಡೇ ಬೆಸೆದೆ.

ಮುಚ್ಚುವ ಮೊದಲು ಪರೀಕ್ಷೆ. ನಾನು ಮೊದಲು ಹಾಕುವುದು ಬರೀ ತಂಬೂರಿ. ಅದರ ನಾದ ಎಡೆಬಿಡದೆ ಹರಿಯುವುದರಿಂದ ಪಿನ್ ತಿರುಗಿಸಿದಾಗ ಒಂದು ಕ್ಷಣ ಸದ್ದು ಕಡಿದರೂ ಗೊತ್ತಾಗುತ್ತದೆ. ಆಮೇಲೆ ಒಂದು ಹಾಡು. ಹಾಡುವವರ ಧ್ವನಿ ತಲೆಯ ನಡುವೆ ನಿಲ್ಲಬೇಕು, ಮೃದಂಗದ ಎಡಗೈ ಪೆಟ್ಟು ತುಂಬಿ ಬರಬೇಕು. ಧ್ವನಿ ಮಾಯವಾಗಿ, ಅಕ್ಕಪಕ್ಕದ ವಾದ್ಯ ಮತ್ತು ಗುಂಯ್‌ಗುಡುವ ಪ್ರತಿಧ್ವನಿ ಮಾತ್ರ ಕೇಳಿಸಿದರೆ ಗ್ರೌಂಡ್ ಸೇರಿಲ್ಲ. ಎಲ್ಲ ಕೇಳಿಸುತ್ತದೆ ಆದರೆ ಬೇಸ್ ಇಲ್ಲ, ಧ್ವನಿ ಎಲ್ಲಿಂದ ಬರುತ್ತಿದೆ ಎಂದೇ ತಿಳಿಯುವುದಿಲ್ಲ ಎಂದರೆ ಒಂದು ಕಿವಿಯ ಎರಡು ವೈರ್ ಅದಲುಬದಲಾಗಿವೆ.

ಎಲ್ಲ ಸರಿಯಿದ್ದದ್ದರಿಂದ ನಟ್ ಬಿಗಿದು, ಒಳಗಡೆ ಸಾಕೆಟ್ ಸುತ್ತ ಅರಾಲ್ಡೈಟ್ ಅಂಟು ತುಂಬಿ ಒಂದು ರಾತ್ರಿ ಬಿಟ್ಟೆ. ಇದು ಗಟ್ಟಿತನಕ್ಕೆ ಮಾತ್ರ ಅಲ್ಲ. ಮುಚ್ಚಿದ ಕಪ್ಪಿನಲ್ಲಿ ಗಾಳಿ ಸೋರುವ ಸಂದು ಉಳಿದರೆ ಕೆಳಗಿನ ಸ್ವರಗಳ ಸಮತೋಲ ಬದಲಾಗುತ್ತದೆ, ಎಡಗಿವಿಗೂ ಬಲಗಿವಿಗೂ ವ್ಯತ್ಯಾಸ ಕೇಳಿಸುತ್ತದೆ. ಒಳಗಿದ್ದ ಫೋಮ್ ತುಂಡನ್ನೂ ಇದ್ದ ಜಾಗಕ್ಕೇ ಇಟ್ಟೆ.

ಇದರಿಂದ ಸದ್ದು ಸುಧಾರಿಸಿತೇ ಎಂದು ಕೆಲವರು ಕೇಳುತ್ತಾರೆ. ಇಲ್ಲ. ಒಂದೂವರೆ ಮೀಟರ್ ಒಳ್ಳೆಯ ತಾಮ್ರದ ಕೇಬಲ್ಲಿನ ರೋಧ ಒಂದು ಓಮ್‌ಗೂ ಕಡಿಮೆ. ಅರವತ್ತು ಚಿಲ್ಲರೆ ಓಮ್‌ಗಳ ಡ್ರೈವರ್ ಮುಂದೆ ಅದು ಲೆಕ್ಕಕ್ಕಿಲ್ಲ. ದುಬಾರಿ ಬೆಳ್ಳಿ ಕೇಬಲ್‌ಗೆ ಹಣ ಸುರಿಯುವ ಅಗತ್ಯವೂ ಇಲ್ಲ. ಕೇಬಲ್ ಕೊಳ್ಳುವಾಗ ನೋಡಬೇಕಾದದ್ದು ಬೇರೆ. ಮೆತ್ತಗಿರಬೇಕು. ಗಟ್ಟಿ ಕೇಬಲ್ ಅಂಗಿಗೆ ಉಜ್ಜಿದ ಸದ್ದೆಲ್ಲ ಕಪ್ಪಿನೊಳಗೆ ಕೇಳಿಸುತ್ತದೆ. ಹೆಡ್‌ಫೋನ್ ಕಡೆಯ ಪಿನ್ ನೇರವಾಗಿರಲಿ, ಎಲ್ ಆಕಾರದ್ದು ಎಳೆದಾಗ ಸುಲಭವಾಗಿ ಕಳಚುವುದಿಲ್ಲ. ನಾನೀಗ ಮೇಜಿಗೆ ಮೂರು ಮೀಟರಿನದ್ದು, ಫೋನಿಗೆ ಒಂದು ಮೀಟರಿನದ್ದು ಇಟ್ಟುಕೊಂಡಿದ್ದೇನೆ.

ಎರಡೂ ಕಪ್ಪಿಗೆ ಬೇರೆ ಬೇರೆ ವೈರ್ ಹೋಗುವ ಹೆಡ್‌ಫೋನ್‌ಗೂ ಹೀಗೆ ಮಾಡಬಹುದು. ಆದರೆ ಎರಡು ಸಾಕೆಟ್, ಎರಡು ತೂತು, ವೈ ಆಕಾರದ ಕೇಬಲ್ ಬೇಕು, ಅದನ್ನು ಸಾಮಾನ್ಯವಾಗಿ ನಾವೇ ಮಾಡಿಕೊಳ್ಳಬೇಕಾಗುತ್ತದೆ. ವಾರಂಟಿ ಇನ್ನೂ ಇದ್ದರೆ ಬಿಚ್ಚಲು ಹೋಗಬೇಡಿ, ಮೊದಲು ಸರ್ವಿಸ್‌ಗೆ ಕೊಡಿ. ವಾರಂಟಿ ಮುಗಿದಿದ್ದು, ಒಂದು ಕಿವಿ ಮಾತ್ರ ಕೇಳಿಸುತ್ತಿದ್ದರೆ, ಮೊದಲು ಮಲ್ಟಿಮೀಟರ್ ತೆಗೆದುಕೊಂಡು ಡ್ರೈವರ್ ಬದುಕಿದೆಯೇ ನೋಡಿ. ಅದು ಚಟ್ ಎಂದರೆ ಎಸ್‌ಪಿ ರೋಡಿಗೆ ಹೊರಡಬಹುದು.