ದ್ರಾಕ್ಷಿ ತೋಟದ ದಿನಚರಿ ಟರ್ಮಿನಲ್‌ನಲ್ಲಿ

ಚಾಟ್ನಿ (ಬಳ್ಳಿ ಕತ್ತರಿಸುವುದು) ಯಾವತ್ತು, ಔಷಧಿ ಎಷ್ಟು ಎಂಬ ಲೆಕ್ಕ ವಿಜಯಪುರ ಜಿಲ್ಲೆಯ ತಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರರಿಗೆ ಕೈತಪ್ಪಬಾರದು. ಇದಕ್ಕೆ ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡುವ ವಿಂಡೋದಲ್ಲಿ, ನಡೆಯುವ ಜೆ-ಆರ್-ಎನ್-ಎಲ್ ಎಂಬ ಪೈಥಾನ್ ಟೂಲ್ ಸಾಕು. ಬರೆದದ್ದೆಲ್ಲ ನಿಮ್ಮದೇ ಕಂಪ್ಯೂಟರ್‌ನ ಒಂದು ಟೆಕ್ಸ್ಟ್ ಫೈಲಿನಲ್ಲಿ ಉಳಿಯುತ್ತದೆ.

ಪೈಥಾನ್ ಟೂಲ್‌ಗಳನ್ನು ಹಾಕಿಕೊಡುವ ಪಿಪ್‌ಎಕ್ಸ್‌ನಿಂದ ಇನ್‌ಸ್ಟಾಲ್ ಮಾಡಿ. ಮೊದಲ ಸಲ ಫೈಲ್ ಎಲ್ಲಿರಬೇಕು, ಪಾಸ್‌ವರ್ಡ್ ಬೇಕೇ ಎಂದು ಕೇಳುತ್ತದೆ. ಪಾಸ್‌ವರ್ಡ್ ಮರೆತರೆ ಬರಹ ಹೋದಂತೆಯೇ. ತೋಟದ ಲೆಕ್ಕಕ್ಕೆ ಬೇಡವೇ ಬೇಡ.

ಟೂಲಿನ ಹೆಸರಿನ ಮುಂದೆಯೇ ಸಾಲು ಬರೆಯಬಹುದು: «1 ಪರ್ಸೆಂಟ್ ಬೋರ್ಡೋ ಔಷಧಿ ಹೊಡೆದಿದೆ. ಸುಣ್ಣ 1 ಕೆಜಿ, ಮೈಲುತುತ್ತ 1 ಕೆಜಿ, ನೀರು 100 ಲೀಟರ್.» ಮೊದಲ ಚುಕ್ಕಿಯವರೆಗಿನದು ಶೀರ್ಷಿಕೆ.

ತಪ್ಪಾಗುವುದು ಇಲ್ಲಿ. «ನಿನ್ನೆ:» ಎಂದು ಕನ್ನಡದಲ್ಲಿ ಬರೆದರೆ ತಾರೀಖು ಇವತ್ತಿನದೇ ಬೀಳುತ್ತದೆ. ಇಂಗ್ಲಿಷ್‌ನಲ್ಲೇ ಯೆಸ್ಟರ್‌ಡೇ, ಕೋಲನ್, ಒಂದು ಸ್ಪೇಸ್ ಬೇಕು. ಹೀಗೆ ದಿನ ಹೇಳಿ ವೇಳೆ ಹೇಳದಿದ್ದರೆ ಬೆಳಿಗ್ಗೆ 9 ಎಂದುಕೊಳ್ಳುತ್ತದೆ. ಅಟ್ ಚಿಹ್ನೆಯ ಟ್ಯಾಗ್ (ಆಮೇಲೆ ಹುಡುಕಲು ಹಾಕುವ ಗುರುತು) ಕೂಡ ಇಂಗ್ಲಿಷ್ ಅಕ್ಷರದಲ್ಲಿರಲಿ: ಪೈಥಾನ್ ಒತ್ತಕ್ಷರ, ಗುಣಿತ ಚಿಹ್ನೆಗಳನ್ನು ಅಕ್ಷರವೆಂದು ಎಣಿಸದ ಕಾರಣ «ದ್ರಾಕ್ಷಿ» ಬರೀ «ದ» ಆಗಿಬಿಡುತ್ತದೆ. ಟರ್ಮಿನಲ್‌ನಲ್ಲಿ ಕಮಾಂಡ್ ಓದುವ ಬ್ಯಾಶ್‌ನಲ್ಲಿ ಪದದ ಮೊದಲಿಗೆ ಹ್ಯಾಶ್ ಚಿಹ್ನೆ ಹಾಕಿದರೆ ಮುಂದಿನದೆಲ್ಲ ಸದ್ದಿಲ್ಲದೆ ಮಾಯ. ಇಂಥ ಚಿಹ್ನೆಗಳಿದ್ದರೆ ಟೂಲಿನ ಹೆಸರಷ್ಟೇ ಕೊಟ್ಟು ಎಂಟರ್ ಒತ್ತಿ, ಆಮೇಲೆ ಬರೆಯಿರಿ. ಲಿನಕ್ಸ್‌ನಲ್ಲಿ ಮುಗಿಸಲು ಹೊಸ ಸಾಲಿನಲ್ಲಿ ಕಂಟ್ರೋಲ್-ಡಿ.