ಕಾರ್ನರ್ ಕಾಲು ಹಿಡಿದ ಮೇಲೆ ಉಳಿದವರು ಬರಬೇಕು

ಕಬಡ್ಡಿಯಲ್ಲಿ ಎದುರಾಳಿ ಕಡೆಯಿಂದ ನುಗ್ಗಿ ಬರುವ ರೈಡರ್‌ನನ್ನು ಒಬ್ಬನೇ ಹಿಡಿದು, ಅವನು ಕೊಸರಿಕೊಂಡು ಮಧ್ಯದ ಗೆರೆ ಮುಟ್ಟಿಬಿಟ್ಟರೆ ಔಟಾಗುವುದು ಒಬ್ಬನೇ. ಸಹಾಯಕ್ಕೆ ಇನ್ನಿಬ್ಬರು ಬಿದ್ದೂ ಅವನು ಗೆರೆ ಮುಟ್ಟಿದರೆ ಮೂವರೂ ಹೊರಗೆ. ಹಾಗಾಗಿ ತುದಿಯಲ್ಲಿ ನಿಲ್ಲುವ ಕಾರ್ನರ್‌ನವನು ಕಾಲಿಗೆ ಕೈ ಹಾಕಿದ ತಕ್ಷಣ ಪಕ್ಕದವನ ತಲೆಯಲ್ಲಿ ಒಂದು ಲೆಕ್ಕ ಓಡುತ್ತದೆ. ನಾನೂ ಬೀಳಲಾ, ಇಲ್ಲಾ ಸುಮ್ನೆ ನಿಂತು ನನ್ನನ್ನು ಉಳಿಸಿಕೊಳ್ಳಲಾ? ಲೆಕ್ಕ ಮುಗಿಯುವಷ್ಟರಲ್ಲಿ ರೈಡರ್ ಮನೆ ಸೇರಿರುತ್ತಾನೆ.

ತಂಡದಲ್ಲಿ ನಂಬಿಕೆ ಇದೆಯಾ ಇಲ್ವಾ ಅಂತ ನಾನು ನೋಡುವುದು ಅಲ್ಲಿ. ಹೆಗಲ ಮೇಲೆ ಕೈ ಹಾಕಿಕೊಂಡು ತೆಗೆಸಿದ ಫೋಟೋ ನೋಡಿ ಅಲ್ಲ.

ನಾನು ಮಂಡ್ಯ ಕಡೆಯವನು. ಕವರ್‌ನಲ್ಲಿ, ಅಂದರೆ ತುದಿಯಿಂದ ಮೂರನೆಯವನಾಗಿ, ಆಡುತ್ತಿದ್ದೆ. ಮೊಣಕಾಲು ಕೈಕೊಟ್ಟ ಮೇಲೆ ಊರ ಹುಡುಗರಿಗೆ ಹೇಳಿಕೊಡುತ್ತಾ ಬಂದಿದ್ದೇನೆ. ತಂಡ ನನ್ನ ಕೈಗೆ ಬಂದಾಗ ಆಟಕ್ಕೇನೂ ಕೊರತೆ ಇರಲಿಲ್ಲ. ಇಬ್ಬರು ಜೋರು ರೈಡರ್‌ಗಳಿದ್ದರು, ಒಬ್ಬರಿಗೊಬ್ಬರು ಮಾತಿರಲಿಲ್ಲ. ಮೇಲಿನ ಬೀದಿಯವರು ಟೆಂಪೋದಲ್ಲಿ ಮುಂದೆ, ಕೆಳಗಿನ ಬೀದಿಯವರು ಹಿಂದೆ. ಸೋತು ವಾಪಸ್ ಬರುವ ರಾತ್ರಿ ಮಾತು ಹುಟ್ಟುತ್ತಿದ್ದುದು ಒಂದೇ ವಿಷಯಕ್ಕೆ, ಯಾರಿಂದ ಸೋತೆವು ಅನ್ನೋದಕ್ಕೆ.

'ಒಂದು ಬಾಡೂಟ ಹಾಕ್ಸಣ್ಣ, ಎಲ್ಲಾ ಸರಿಹೋಗ್ತದೆ' ಅಂದರು ಊರವರು. ಹಾಕಿಸಿದ್ದೂ ಆಯ್ತು. ಚೆನ್ನಾಗಿ ತಿಂದರು. ಮಾರನೇ ದಿನ ಮತ್ತೆ ಅದೇ ಗುಂಪು. ಕಣ್ಣಿಗೆ ಬಟ್ಟೆ ಕಟ್ಟಿ ಹಿಂದಕ್ಕೆ ಬೀಳೋದು, ಉಳಿದವರು ಹಿಡಿಯೋದು, ಅಂಥ ಆಟಗಳನ್ನೂ ಒಬ್ಬರು ಬಂದು ಆಡಿಸಿದರು. ಹುಡುಗರು ನಕ್ಕು ನಕ್ಕು ಸುಸ್ತಾದರು. ತಪ್ಪೇನಿಲ್ಲ. ಆದರೆ ಬೀಳುವವನನ್ನು ಹಿಡಿದರೆ ಯಾರೂ ಔಟಾಗಲ್ಲ ಅಲ್ವಾ? ನಮ್ಮ ಕಷ್ಟ ಇದ್ದದ್ದು ಹಿಡಿದರೆ ತಾನೂ ಔಟಾಗಬಹುದು ಅನ್ನೋ ಕಡೆ. ಕಲಿಯೋದನ್ನೂ ಅಲ್ಲೇ ಕಲಿಯಬೇಕು.

ಮೊದಲು ಚೈನ್‌ಗಳನ್ನು ಬದಲಾಯಿಸಿದೆ. ಕಾರ್ನರ್ ಮತ್ತು ಅವನ ಪಕ್ಕದ ಇನ್ ಕೈ ಹಿಡಿದು ನಿಲ್ಲುತ್ತಾರೆ. ಎಡಕ್ಕೊಂದು ಜೋಡಿ, ಬಲಕ್ಕೊಂದು ಜೋಡಿ. ನಮ್ಮಲ್ಲಿ ಈ ಜೋಡಿಗಳು ಸ್ನೇಹದ ಮೇಲೆ ಆಗಿದ್ದವು. ನಾನು ಮೇಲಿನ ಬೀದಿಯ ಕಾರ್ನರ್‌ಗೆ ಕೆಳಗಿನ ಬೀದಿಯ ಇನ್ ಕೊಟ್ಟೆ. ಮುಖ ಗಂಟಿಕ್ಕಿಕೊಂಡೇ ಕೈ ಹಿಡಿದರು. ವಾರಗಟ್ಟಲೆ ಅದೇ ಜೋಡಿ, ಬದಲಾವಣೆ ಇಲ್ಲ. ರೈಡರ್ ಎಡಕ್ಕೆ ಬಂದಾಗ ಇಬ್ಬರೂ ಒಟ್ಟಿಗೆ ಹಿಂದೆ ಸರಿಯಬೇಕು, ಒಟ್ಟಿಗೆ ಮುಂದೆ ಬರಬೇಕು. ಒಬ್ಬನ ಹೆಜ್ಜೆ ತಡವಾದರೆ ಇನ್ನೊಬ್ಬನ ಭುಜ ಜಗ್ಗುತ್ತದೆ. ಜಗಳ ಆಡಲೂ ಪುರುಸೊತ್ತು ಸಿಗದ ಕೆಲಸ ಅದು.

ಆಮೇಲೆ ಸಿಗ್ನಲ್. ನಮ್ಮ ಹೊನಲು ಬೆಳಕಿನ ಪಂದ್ಯಾವಳಿ ನೋಡಿದವರಿಗೆ ಗೊತ್ತು, ಮೈಕ್‌ನವರು ಒಂದು ನಿಮಿಷ ಬಾಯಿ ಮುಚ್ಚಲ್ಲ. ಪಕ್ಕದವನು ಕೂಗಿದರೂ ಕೇಳಲ್ಲ. ಅದಕ್ಕೆ ಕೈಯಲ್ಲೇ ಮಾತು ಇಟ್ಟುಕೊಂಡೆವು. ಒಂದು ಸಲ ಅಮುಕಿದರೆ 'ತಡಿ'. ಎರಡು ಸಲ ಬಿರಬಿರನೆ ಅಮುಕಿದರೆ 'ನಾನಿದ್ದೀನಿ, ಹೋಗು'. ಅಮುಕುವುದು ಇನ್, ಹೋಗುವುದು ಕಾರ್ನರ್. ಎರಡು ಸಲ ಅಮುಕಿದವನು ಹಿಂದೆ ನಿಲ್ಲುವ ಹಾಗಿಲ್ಲ, ಏನೇ ಆಗಲಿ ಬೀಳಲೇಬೇಕು. ಕವರ್‌ನವರು ಕಣ್ಣಿಟ್ಟಿರಬೇಕಾದದ್ದು ರೈಡರ್‌ನ ಸೊಂಟದ ಮೇಲೆ. ಕಾಲು ಸಿಕ್ಕಿದ್ದು ಗೊತ್ತಾದ ಕೂಡಲೇ ಅವನ ಮತ್ತು ಮಧ್ಯದ ಗೆರೆಯ ನಡುವೆ ಅಡ್ಡ ಬರಬೇಕು.

ಟ್ಯಾಕಲ್ ಕೈತಪ್ಪಿದಾಗ ನಾನು ಕೇಳುವ ಪ್ರಶ್ನೆಯೂ ಒಂದೇ. 'ಯಾಕೋ ಕೈ ಹಾಕ್ದೆ?' ಅಂತ ಹಾಕಿದವನನ್ನು ಕೇಳಲ್ಲ. 'ನೀನ್ಯಾಕೋ ನಿಂತಿದ್ದೆ?' ಅಂತ ನಿಂತವನನ್ನು ಕೇಳುತ್ತೇನೆ. ಸಿಗ್ನಲ್ ಇಲ್ಲದೆ ನುಗ್ಗಿದವನಿಗೆ ಬೈಗುಳ ಬೇರೆ ಇದೆ, ಅಡ್ವಾನ್ಸ್ ಟ್ಯಾಕಲ್ ಮಾಡಿ ಪಾಯಿಂಟ್ ದಾನ ಮಾಡೋದು ಕೂಡ ದೊಡ್ಡ ರೋಗವೇ. ಆದರೆ ಅದನ್ನು ಅವನೊಬ್ಬನಿಗೇ, ಪಕ್ಕಕ್ಕೆ ಕರೆದು ಹೇಳುವುದು. ಎಲ್ಲರೆದುರು ಬೈಸಿಕೊಂಡ ಕಾರ್ನರ್ ಮುಂದಿನ ಪಂದ್ಯದಲ್ಲಿ ಕಾಲು ಕಂಡರೂ ಕೈ ಹಾಕಲ್ಲ. ಬೇಕಾದರೆ ನೋಡಿ.

ಅಭ್ಯಾಸದ ಕೊನೆಗೆ ಮೂರು ಜನ ಡಿಫೆಂಡರ್ ಎದುರು ನಮ್ಮ ಒಳ್ಳೇ ರೈಡರ್‌ನನ್ನು ಬಿಡುತ್ತೇನೆ. ಮೂರು ಅಥವಾ ಕಡಿಮೆ ಜನ ಇದ್ದಾಗ ಹಿಡಿದರೆ ಸೂಪರ್ ಟ್ಯಾಕಲ್, ಎರಡು ಪಾಯಿಂಟ್. ಮೂವರು ಯಾರು ಅಂತ ಚೀಟಿ ಎತ್ತುತ್ತೇವೆ. ಕಾರ್ನರ್‌ನವನು ಕವರ್‌ಗೆ ಬೀಳಬಹುದು, ರೈಡರ್ ಕಾರ್ನರ್‌ಗೆ ಬೀಳಬಹುದು. ನಮ್ಮ ಮೊದಲ ರೈಡರ್ ಕಾರ್ನರ್‌ನಲ್ಲಿ ನಿಂತು, ಪಾದ ಹಿಡಿಯೋಕೆ ಹೋಗಿ, ಗಲ್ಲಕ್ಕೆ ಮೊಣಕಾಲು ತಗುಲಿಸಿಕೊಂಡ. ಅವತ್ತಿಂದ ಕಾರ್ನರ್‌ನವನನ್ನು 'ಹಿಡಿಯೋಕಾಗಲ್ವಾ ನಿಂಗೆ' ಅಂತ ಕೇಳಿದ್ದು ನಾನು ಕಾಣೆ.

ಇನ್ನೊಂದು ಒಳಜಗಳ ಹೊರಗಿನವರಿಗೆ ಕಾಣುವುದಿಲ್ಲ, ಬೋನಸ್ ವಿಷಯದ್ದು. ಎದುರಾಳಿ ಕಡೆ ಆರು ಅಥವಾ ಹೆಚ್ಚು ಜನ ಇದ್ದಾಗ ರೈಡರ್ ಬೋನಸ್ ಗೆರೆ ದಾಟಿ ಒಂದು ಪಾಯಿಂಟ್ ತರಬಹುದು. ಆದರೆ ಬೋನಸ್‌ಗೆ ಔಟಾಗಿ ಕೂತವರು ಯಾರೂ ಒಳಗೆ ಬರಲ್ಲ. ಯಾರನ್ನಾದರೂ ಔಟ್ ಮಾಡಿದರೆ ಮಾತ್ರ ನಮ್ಮವನೊಬ್ಬ ಒಳಗೆ ಬರುತ್ತಾನೆ, ಅದೂ ಮೊದಲು ಔಟಾದವನು ಮೊದಲು. ನಮ್ಮ ರೈಡರ್ ಬೋನಸ್ ಮೇಲೆ ಬೋನಸ್ ತಂದು ಚಪ್ಪಾಳೆ ಗಿಟ್ಟಿಸುತ್ತಿದ್ದ. ಹೊರಗೆ ಕೂತ ಮೂವರು ಹಲ್ಲು ಕಡಿಯುತ್ತಿದ್ದರು. ಅವರ ಕೋಪ ನ್ಯಾಯವಾದದ್ದೇ. ಈಗ ನಮ್ಮಲ್ಲಿ ಒಂದು ಕಟ್ಟುಪಾಡು ಇದೆ. ಇಬ್ಬರಿಗಿಂತ ಜಾಸ್ತಿ ಜನ ಹೊರಗಿದ್ದರೆ ಎದುರಾಳಿಯನ್ನು ಮುಟ್ಟಿ ಔಟ್ ಮಾಡುವ ಟಚ್‌ಗೇ ಹೋಗಬೇಕು. ಕೊನೇ ನಿಮಿಷಗಳಲ್ಲಿ, ಇಲ್ಲಾ ಎರಡು ರೈಡ್ ಖಾಲಿ ಹೋಗಿ, ಪಾಯಿಂಟ್ ತರಲೇಬೇಕಾದ ಡೂ ಆರ್ ಡೈ ಬಂದಾಗ ಮಾತ್ರ ರೈಡರ್ ಇಷ್ಟ. ಈ ಮಾತು ಹೇಳಿದ್ದು ನಾನಲ್ಲ, ಹೊರಗೆ ಕೂತು ಕೂತು ಬೇಸತ್ತ ರೈಟ್ ಕಾರ್ನರ್. ರೈಡರ್ ಒಪ್ಪಿಕೊಂಡ. ನಾನೇ ಹೇಳಿದ್ದರೆ ಇಷ್ಟು ಬೇಗ ಒಪ್ಪುತ್ತಿದ್ದನೋ ಇಲ್ಲವೋ.

ಇನ್ನು ದುಡ್ಡು. ತಂಡ ಒಡೆಯೋದು ಸೋಲಿನಿಂದಲ್ಲ, ಗೆದ್ದ ದುಡ್ಡಿನಿಂದ ಅಂತ ನನ್ನ ಅಭಿಪ್ರಾಯ. ಬೆಸ್ಟ್ ರೈಡರ್, ಬೆಸ್ಟ್ ಡಿಫೆಂಡರ್ ಅಂತ ಬೇರೆ ನಗದು ಕೊಡುತ್ತಾರೆ. ಕಪ್ ಅವನ ಮನೆಗೆ, ನಗದು ತಂಡದ ಡಬ್ಬಿಗೆ. ಎಂಟ್ರಿ ಫೀಸು, ಟೆಂಪೋ ಬಾಡಿಗೆ, ನೀಕ್ಯಾಪು, ಸ್ಪ್ರೇ, ಯಾರಿಗಾದರೂ ಏಟಾದರೆ ಎಕ್ಸ್‌ರೇ ಎಲ್ಲಾ ಕಳೆದು ಉಳಿದದ್ದು ಹನ್ನೆರಡು ಜನಕ್ಕೂ ಸಮಪಾಲು. ಏಳು ಜನ ಒಳಗೆ ಆಡಿದರು, ಐವರು ಬೆಂಚಲ್ಲಿದ್ದರು ಅನ್ನೋ ಭೇದ ಇಲ್ಲ. ಲೆಕ್ಕದ ಪುಸ್ತಕ ಇರುವುದು ಬೆಂಚಲ್ಲಿ ಕೂರುವ ಒಬ್ಬ ಬಿ.ಕಾಂ. ಹುಡುಗನ ಹತ್ತಿರ. ವಾಪಸ್ ಬರುವಾಗ ಮೊಬೈಲ್ ಟಾರ್ಚ್ ಹಾಕಿಕೊಂಡು ಗಟ್ಟಿಯಾಗಿ ಓದುತ್ತಾನೆ. 'ಬಾಳೆಹಣ್ಣು ನೂರಾಇಪ್ಪತ್ತು' ಅಂದರೆ, 'ಯಾವನೋ ತಿಂದೋನು?' ಅಂತ ಹಿಂದಿನ ಸೀಟಿನಿಂದ ಬರುತ್ತದೆ. ನಗುತ್ತಾರೆ. ಆದರೆ ದುಡ್ಡಿನ ವಿಷಯಕ್ಕೆ ಬೆನ್ನ ಹಿಂದೆ ಮಾತಾಡೋದು ನಿಂತಿದೆ.

ಒಬ್ಬ ಸ್ಟಾರ್ ಇಲ್ಲದೆ ಏನಾಗುತ್ತೆ ಅಂತ ಕೇಳುವ ಹುಡುಗರಿಗೆ 2019ರ ಪ್ರೊ ಕಬಡ್ಡಿ ಫೈನಲ್ ತೋರಿಸುತ್ತೇನೆ. ಬೆಂಗಾಲ್ ವಾರಿಯರ್ಸ್‌ಗೆ ನಾಯಕ ಮಣಿಂದರ್ ಸಿಂಗ್ ಗಾಯದಿಂದಾಗಿ ಆಡಲಿಲ್ಲ. ಎದುರಿಗೆ ದಬಂಗ್ ಡೆಲ್ಲಿಯ ನವೀನ್ ಕುಮಾರ್, ಒಬ್ಬರೇ 18 ಪಾಯಿಂಟ್ ತೆಗೆದರು. ಶುರುವಿನಲ್ಲಿ ಬೆಂಗಾಲ್ ಸಾಕಷ್ಟು ಹಿಂದೆ ಬಿದ್ದಿತ್ತು. ಇರಾನಿನ ನಬೀಬಕ್ಷ್, ನಮ್ಮ ಕರಾವಳಿಯ ಸುಕೇಶ್ ಹೆಗ್ಡೆ ರೈಡಿಂಗ್ ಭಾರ ಹಂಚಿಕೊಂಡರು. ಕೊನೆಗೆ 39-34ರಲ್ಲಿ ಬೆಂಗಾಲ್ ಗೆದ್ದಿತು. ಕೋಚ್ ಕನ್ನಡಿಗರೇ, ಬಿ.ಸಿ. ರಮೇಶ್. ಅವರದೇ ಕೋಚಿಂಗ್‌ನಲ್ಲಿ ಪುಣೇರಿ ಪಲ್ಟನ್ 2024ರಲ್ಲಿ ಫೈನಲ್ ಗೆದ್ದಾಗಲೂ ತಂಡದ ತುಂಬಾ ಒಟ್ಟಿಗೆ ಆಡಿ ಬೆಳೆದ ಎಳೆ ಹುಡುಗರೇ ಇದ್ದರು. ನಮ್ಮ ಹುಡುಗರು ಆ ಪಂದ್ಯಗಳಲ್ಲಿ ರೈಡರ್‌ಗಳನ್ನೇ ನೋಡುತ್ತಾರೆ. ನಾನು ನಿಲ್ಲಿಸಿ ನಿಲ್ಲಿಸಿ ಎರಡನೆಯವನು, ಮೂರನೆಯವನು ಎಲ್ಲಿಂದ ಬಂದ ಅಂತ ತೋರಿಸುತ್ತೇನೆ.

ಒಂದು ಪಂದ್ಯಾವಳಿಗೆ ಅಂತ ಹೊರಗಿನಿಂದ ಗೆಸ್ಟ್ ಪ್ಲೇಯರ್ ಕರೆಸುವುದನ್ನು ಬಿಟ್ಟಿದ್ದೇವೆ. ಬಂದವನು ನಮ್ಮೆಲ್ಲರಿಗಿಂತ ಚೆನ್ನಾಗಿ ಆಡಬಹುದು. ಆದರೆ ಒಂದು ರಾತ್ರಿಗೆ ಬಂದವನ ಕೈ ಅಮುಕಿದರೆ ಅವನಿಗೆ ಏನು ಅರ್ಥವಾಗಬೇಕು? ನಮ್ಮ ಹುಡುಗರನ್ನು ಬೇರೆ ಊರವರು ಕರೆದರೆ ಮಾತ್ರ ತಡೆಯಲ್ಲ. ಮೊದಲೇ ಹೇಳಿ ಹೋಗಬೇಕು, ಅಷ್ಟೇ.

ಈಗ ಲೆಫ್ಟ್ ಇನ್‌ಗೆ ಬೆಂಗಳೂರಲ್ಲಿ ಕೆಲಸ ಸಿಕ್ಕಿದೆ. ಎಡಗಡೆ ಚೈನ್ ಮತ್ತೆ ಮೊದಲಿಂದ. ಹೊಸಬ ಕಾಲೇಜು ಹುಡುಗ, ಕಾಲು ಚುರುಕು, ಆದರೆ ಅಮುಕೋದು ತಡ. 'ಅಣ್ಣಾ, ಇವನು ಅಮುಕೋ ಅಷ್ಟೊತ್ತಿಗೆ ರೈಡರ್ ನೀರು ಕುಡೀತಿರ್ತಾನೆ' ಅಂತ ಕಾರ್ನರ್ ದಿನಾ ದೂರು ಹೇಳುತ್ತಾನೆ. ದಸರಾ ಕ್ರೀಡಾಕೂಟದ ತಾಲ್ಲೂಕು ಪಂದ್ಯಗಳು ಹತ್ತಿರ ಬರುತ್ತಿವೆ. ಇಬ್ಬರಿಗೂ ಸಂಜೆ ಅರ್ಧ ಗಂಟೆ ಮೊದಲೇ ಬರೋಕೆ ಹೇಳಿದ್ದೇನೆ.