ಮೊದಲು ಕಡತ, ಆಮೇಲೆ ಯೂನಿವರ್ಸಿಟಿ: ಜರ್ಮನಿಯಲ್ಲಿ ಇತಿಹಾಸ ಓದಿದ ನನ್ನ ಅನುಭವ

ನನ್ನ ಎಂ.ಎ. ಥೀಸಿಸ್ಸಿಗೆ 1.3 (ಜರ್ಮನಿಯಲ್ಲಿ 1.0 ಎಂದರೆ ಅತ್ಯುತ್ತಮ, 4.0 ಎಂದರೆ ಬರೀ ಪಾಸು) ಬಂದು ಎರಡು ತಿಂಗಳಾಯಿತು. ಅವತ್ತಿನಿಂದ ಮೆಸೇಜುಗಳು ಬರುತ್ತಲೇ ಇವೆ. "ಹಿಸ್ಟರಿ ಓದೋಕೆ ಜರ್ಮನಿಗೆ ಹೇಗೆ ಹೋದಿರಿ, ಸೀಟು ಹೇಗೆ ಸಿಕ್ಕಿತು, ದುಡ್ಡು ಎಲ್ಲಿಂದ ಬಂತು?" ಐದು ವರ್ಷದ ಹಿಂದೆ ಇವರಲ್ಲೇ ಹಲವರು ಕೇಳುತ್ತಿದ್ದ ಪ್ರಶ್ನೆ ಬೇರೆ: "ನಮ್ಮ ಇತಿಹಾಸ ನಮ್ಮಲ್ಲೇ ಇದೆಯಲ್ಲ, ಅದಕ್ಕೆ ವಿದೇಶ ಯಾಕೆ?" ಆಗ ನನ್ನ ಹತ್ತಿರ ಗಟ್ಟಿ ಉತ್ತರ ಇರಲಿಲ್ಲ. ಈಗ ಇದೆ. ನಮ್ಮ ಹತ್ತೊಂಬತ್ತನೇ ಶತಮಾನದ ದೊಡ್ಡದೊಂದು ಪಾಲು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿದೆ, ಅಲ್ಲಿಂದ ನಮ್ಮ ಕರಾವಳಿಗೆ ಬಂದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಕಡತಗಳಲ್ಲಿ. ಅದಿರುವುದು ಜರ್ಮನ್ ಭಾಷೆಯಲ್ಲಿ, ಅದೂ ಇವತ್ತಿನ ಜರ್ಮನರಲ್ಲಿ ಹೆಚ್ಚಿನವರಿಗೆ ಓದಲು ಬಾರದ ಕೈಬರಹದಲ್ಲಿ.

ಎಸ್‌ಒಪಿ (ಉದ್ದೇಶ ಪತ್ರ), ಎಲ್‌ಒಆರ್ (ಶಿಫಾರಸು ಪತ್ರ), ಐಇಎಲ್‌ಟಿಎಸ್ (ಇಂಗ್ಲಿಷ್ ಪರೀಕ್ಷೆ) ವಿಷಯ ಇಲ್ಲಿ ಬರೆಯುವುದಿಲ್ಲ. ಅವೆಲ್ಲ ನಿಮಗೆ ಗೊತ್ತಿರುವುದೇ. ನಾನು ಎಲ್ಲಿ ಕೈ ಸುಟ್ಟುಕೊಂಡೆ, ಆಮೇಲೆ ಯಾವ ದಾರಿ ಕೆಲಸ ಮಾಡಿತು, ಅಷ್ಟು ಹೇಳುತ್ತೇನೆ.

ಮೊದಲ ಪ್ರಯತ್ನ 2019–20ರಲ್ಲಿ. ಎಲ್ಲರಂತೆ ಬ್ರಿಟನ್ನಿನ ನಾಲ್ಕು ಕಡೆ ಅರ್ಜಿ ಹಾಕಿದೆ. ಎರಡು ಕಡೆ ಸೀಟೂ ಸಿಕ್ಕಿತು. ಒಂದು ವರ್ಷದ ಎಂ.ಎ.ಗೆ ಫೀಸು ಇಪ್ಪತ್ತೊಂದು–ಇಪ್ಪತ್ತೆರಡು ಸಾವಿರ ಪೌಂಡು, ಇರುವ ಖರ್ಚು ಬೇರೆ. ಎರಡು ಸ್ಕಾಲರ್‌ಶಿಪ್‌ಗೆ ಬರೆದೆ, ಎರಡೂ ಕೈಕೊಟ್ಟವು. ನಡುವೆ ಒಬ್ಬ ಕನ್ಸಲ್ಟೆಂಟ್ ದುಡ್ಡು ತೆಗೆದುಕೊಂಡು, "ಹಿಸ್ಟರಿಗೆ ವೀಸಾ ಕಷ್ಟ, ಮ್ಯಾನೇಜ್‌ಮೆಂಟ್ ತಗೊಳ್ಳಿ" ಎಂದ. ಪರೀಕ್ಷೆ ಶುಲ್ಕ, ಅರ್ಜಿ ಶುಲ್ಕ, ಅವನ ಫೀಸು ಎಲ್ಲ ಸೇರಿ ಸುಮಾರು ಒಂದೂಕಾಲು ಲಕ್ಷ ರೂಪಾಯಿ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಎರಡನೇ ಸಲ, 2021ರ ಶುರುವಿನಲ್ಲಿ, ಜರ್ಮನಿ. ವಿದೇಶಿಯರ ಅರ್ಜಿಗಳನ್ನು ಯೂನಿವರ್ಸಿಟಿಗಳ ಪರವಾಗಿ ಪರಿಶೀಲಿಸುವ ಯೂನಿ-ಅಸಿಸ್ಟ್ ಮೂಲಕ ಆರು ಅರ್ಜಿ ಹಾಕಿದೆ. ಮೊದಲನೆಯದಕ್ಕೆ 75 ಯೂರೊ, ಆಮೇಲಿನ ಒಂದೊಂದಕ್ಕೆ 30, ಒಟ್ಟು 225 ಯೂರೊ. ಆರೂ ಕಡೆ ಇಲ್ಲ. ಡಿಗ್ರಿಯಲ್ಲಿ ನನ್ನದು 64 ಪರ್ಸೆಂಟು. ಗರಿಷ್ಠ 100, ಪಾಸು 40 ಎಂದು, ನಮ್ಮ ಅಂಕವನ್ನು ಜರ್ಮನ್ ಅಂಕಕ್ಕೆ ಬದಲಿಸುವ ಬವೇರಿಯನ್ ಸೂತ್ರಕ್ಕೆ ಹಾಕಿದರೆ 2.8 ಬರುತ್ತದೆ. ನಾನು ಅರ್ಜಿ ಹಾಕಿದ ಕಡೆ ಹೆಚ್ಚಿನವರು 2.5ಕ್ಕೆ ಗೆರೆ ಎಳೆದಿದ್ದರು. ಈ ಲೆಕ್ಕವನ್ನು ನಾನು ಮೊದಲೇ ಮಾಡಬೇಕಿತ್ತು. ನೀವಂತೂ ಅರ್ಜಿಗೆ ದುಡ್ಡು ಕಟ್ಟುವ ಮೊದಲು ಮಾಡಿ.

ದಾರಿ ತಿರುಗಿದ್ದು ಅದೇ ಚಳಿಗಾಲದಲ್ಲಿ. ಬಾಸೆಲ್ ಮಿಷನ್ನಿನ ಹಳೆಯ ಫೋಟೊ, ನಕ್ಷೆಗಳು ಆನ್‌ಲೈನಿನಲ್ಲಿ ಯಾರು ಬೇಕಾದರೂ ನೋಡುವಂತಿವೆ. ಮಂಗಳೂರಿನ ನೇಯ್ಗೆ ಶಾಲೆಯ ಒಂದು ಫೋಟೊ ನೋಡುತ್ತ ಕೂತಿದ್ದೆ. ಮಗ್ಗದ ಮುಂದೆ ಕೂತವರ ಹೆಸರಿಲ್ಲ, ಇವರಿಗೆ ಕೂಲಿ ಎಷ್ಟಿತ್ತು, ಮೊದಲು ಏನು ಮಾಡುತ್ತಿದ್ದರು ಎಂಬ ಮಾತಿಲ್ಲ. ಇದನ್ನು ಬರೆದಿಟ್ಟವರು ಯಾರಾದರೂ ಇರಲೇಬೇಕಲ್ಲ? ಮಿಷನ್ ಶುರುವಾದದ್ದು 1815ರಲ್ಲಿ, ಅದರ ಮೊದಲ ಮೂವರು ಕರಾವಳಿಗೆ ಬಂದದ್ದು 1834ರಲ್ಲಿ. ಅಲ್ಲಿಂದ ಮುಂದೆ ಒಂದೊಂದು ಮಿಷನ್ ಕೇಂದ್ರದಿಂದಲೂ ಬಾಸೆಲ್ಲಿನ ಕಮಿಟಿಗೆ ವರದಿ ಹೋಗುತ್ತಲೇ ಇತ್ತು. 'ಮಂಗಳೂರ ಸಮಾಚಾರ' ಪತ್ರಿಕೆಯ ಮೋಗ್ಲಿಂಗ್, ನಿಘಂಟಿನ ಕಿಟೆಲ್ ನಮಗೆಲ್ಲ ಗೊತ್ತು. ಅದೇ ಜನ ಊರಿಗೆ ಬರೆದ ಕಾಗದಗಳನ್ನು ನಮ್ಮಲ್ಲಿ ಎಷ್ಟು ಮಂದಿ ಓದಿದ್ದೇವೆ?

ಅವತ್ತು ಯೂನಿವರ್ಸಿಟಿ ಹುಡುಕುವುದನ್ನು ನಿಲ್ಲಿಸಿದೆ. ಮೊದಲು ಕಡತ, ಆ ಕಡತ ಓದಲು ಬೇಕಾದ ವಿದ್ಯೆ, ಕೊನೆಗೆ ಯೂನಿವರ್ಸಿಟಿ. ನನ್ನ ವಿಧಾನ ಇಷ್ಟೇ. ಹೇಳಿದಾಗ ಹೆಚ್ಚಿನವರು ಇದು ಆಗದು ಎಂದು ತಲೆಯಾಡಿಸಿದರು. ನನಗೆ ಪಾಠ ಮಾಡಿದ್ದ ಒಬ್ಬ ಮೇಷ್ಟ್ರು, "ಜರ್ಮನ್ ಬಾರದವನು ಜರ್ಮನ್ ಹಸ್ತಪ್ರತಿ ಓದುತ್ತೀಯಾ?" ಎಂದರು. ಎಂಟು ತಿಂಗಳು ಕೊಡಿ ಸಾರ್ ಎಂದೆ. ನಿಜಕ್ಕೂ ಹಿಡಿದದ್ದು ಹತ್ತು ತಿಂಗಳು.

ಜರ್ಮನ್ ಭಾಷೆಯನ್ನು ಬಿ1, ಅಂದರೆ ಮಧ್ಯಮ ಮಟ್ಟದವರೆಗೆ ಕಲಿತೆ. ಅದರ ಜೊತೆಗೇ ಕುರೆಂಟ್ ಲಿಪಿ. ಕುರೆಂಟ್ ಎಂದರೆ ಹಳೆಯ ಜರ್ಮನ್ ಮೋಡಿ ಅಂತಲೇ ಇಟ್ಟುಕೊಳ್ಳಿ. ಅದರಲ್ಲಿ 'ಇ' (e) ಅಕ್ಷರ ನೋಡಲು ಥೇಟ್ 'ಎನ್' (n) ಹಾಗಿರುತ್ತದೆ. 'ಯು' ಮತ್ತು 'ಎನ್' ನಡುವಿನ ವ್ಯತ್ಯಾಸ ಮೇಲಿನ ಒಂದು ಸಣ್ಣ ಕೊಕ್ಕೆ ಮಾತ್ರ. ಬರೆಯುವವನು ಅವಸರದಲ್ಲಿದ್ದರೆ ಕೊಕ್ಕೆಯೂ ಇಲ್ಲ. ಒಂದು ಪದದಲ್ಲಿ ಹತ್ತು ಗೀಟು ಎದ್ದು ಬಿದ್ದು ಹೋಗಿರುತ್ತವೆ, ಅದರಲ್ಲಿ ಎಲ್ಲಿ 'ಎಂ' ಮುಗಿದು ಎಲ್ಲಿ 'ಎನ್' ಶುರುವಾಯಿತು ಎಂದು ಗೀಟು ಎಣಿಸಬೇಕು. ಎ-ಏ, ಒ-ಓ ಭೇದ ತೋರಿಸದ ತಾಳೆಗರಿ ಓದಿ ಅಭ್ಯಾಸ ಇದ್ದವರಿಗೆ ಈ ಎಣಿಕೆ ಬೇಗ ಕೈಹಿಡಿಯುತ್ತದೆ. ಇದು ನನ್ನ ಅನುಭವದ ಮಾತು.

ಓದಿ ಕಲಿಯಲು ಹೋಗಿ ಎರಡು ತಿಂಗಳು ವ್ಯರ್ಥ ಮಾಡಿದೆ. ಬರೆಯಲು ಶುರು ಮಾಡಿದ ಮೇಲೆ ಬಂತು. ದಿನಾ ಅರ್ಧ ಗಂಟೆ, ನಿಬ್ ಪೆನ್ನಿನಲ್ಲಿ, ಅವತ್ತಿನ ನನ್ನ ದಿನಚರಿಯನ್ನೇ ಕುರೆಂಟಿನಲ್ಲಿ. ಕೈಗೆ ಗೊತ್ತಾದ ಮೇಲೆ ಕಣ್ಣಿಗೆ ತಾನಾಗಿ ಗೊತ್ತಾಗುತ್ತದೆ.

ಆಮೇಲೆ ಬಾಸೆಲ್ಲಿನ ಆರ್ಕೈವ್‌ಗೆ ಬರೆದು, ದುಡ್ಡು ಕಟ್ಟಿ ಕೆಲವು ಪುಟಗಳ ಸ್ಕ್ಯಾನ್ ತರಿಸಿದೆ. ನಲವತ್ತು ಫ್ರಾಂಕ್ ಇದ್ದಿರಬೇಕು. ಒಂದು ಪುಟವನ್ನು ಅಕ್ಷರ ಬಿಡದೆ ಎತ್ತಿ ಬರೆದು, ಇಂಗ್ಲಿಷಿಗೆ ತಂದು, ಅದರಲ್ಲಿ ಮಿಷನರಿ ತಪ್ಪಾಗಿ ಕೇಳಿಸಿಕೊಂಡ ತುಳು, ಕನ್ನಡ ಹೆಸರುಗಳನ್ನು ಸರಿಪಡಿಸಿ ಟಿಪ್ಪಣಿ ಹಾಕಿದೆ. ಆ ಪುಟವನ್ನು ಐದು ಸಾಲಿನ ಇಮೇಲಿಗೆ ಲಗತ್ತಿಸಿ ಮೂವರು ಪ್ರೊಫೆಸರುಗಳಿಗೆ ಕಳಿಸಿದೆ. ಹಿಂದಿನ ವರ್ಷ ಎರಡು ಪುಟದ ಇಮೇಲ್ ಬರೆದಾಗ ಒಬ್ಬರೂ ಉತ್ತರಿಸಿರಲಿಲ್ಲ. ಈ ಸಲ ಇಬ್ಬರು ಒಂದೇ ವಾರದಲ್ಲಿ ಬರೆದರು. ಸಾವಿರಾರು ಪುಟಗಳಲ್ಲಿ ಆ ಒಂದು ಪುಟವನ್ನು ಹೇಗೆ ಆರಿಸಿದೆ ಎಂಬುದನ್ನು ಮಾತ್ರ ಇಲ್ಲಿ ಬಿಡಿಸಿ ಹೇಳುವುದಿಲ್ಲ. ಗುಟ್ಟು ಇರುವುದು ಅಲ್ಲೇ, ನನ್ನ ಮುಂದಿನ ಕೆಲಸವೂ ಅದರ ಮೇಲೇ ನಿಂತಿದೆ.

ಹೈಡಲ್‌ಬರ್ಗ್‌ನ ದಕ್ಷಿಣ ಏಷ್ಯಾ ಸಂಸ್ಥೆ 1962ರಿಂದ ಇದೆ. ಹೆಸರು ದೊಡ್ಡದು, ಲೈಬ್ರರಿಯೂ ದೊಡ್ಡದು. ಆದರೆ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥ ಹೊರಗಿನವರು ಸೆಮಿಸ್ಟರಿಗೆ 1,500 ಯೂರೊ ಕಟ್ಟಬೇಕು. ಲೋವರ್ ಸ್ಯಾಕ್ಸನಿ ರಾಜ್ಯದಲ್ಲಿ ಆ ಫೀಸು ಇಲ್ಲ, ಸೆಮಿಸ್ಟರ್ ವಂತಿಗೆ ಆಗ ನಾನೂರರ ಆಸುಪಾಸು ಅಷ್ಟೆ. ಹಾಗಾಗಿ ಅಲ್ಲಿನ ಗ್ಯೋಟಿಂಗೆನ್ ಯೂನಿವರ್ಸಿಟಿ ಆರಿಸಿಕೊಂಡೆ. 2022ರ ಅಕ್ಟೋಬರಿನಲ್ಲಿ ಸೇರಿದೆ. ನಮ್ಮ ಡಿಗ್ರಿ ಅಸಲಿ ಎಂದು ಪರಿಶೀಲಿಸಿ ಕೊಡುವ ಎಪಿಎಸ್ ಸರ್ಟಿಫಿಕೇಟು ವೀಸಾಕ್ಕೆ ಕಡ್ಡಾಯವಾದದ್ದು ಮರು ತಿಂಗಳಿನಿಂದ. ಈಗ ಹೋಗುವವರು ಅದಕ್ಕೆ ಹಣವನ್ನೂ ಸಮಯವನ್ನೂ ಮೊದಲೇ ತೆಗೆದಿಡಬೇಕು.

ದುಡ್ಡಿನ ಲೆಕ್ಕ ನೇರವಾಗಿ ಹೇಳಿಬಿಡುತ್ತೇನೆ. ವೀಸಾಕ್ಕಾಗಿ ಮೊದಲೇ ದುಡ್ಡು ತುಂಬಿಡಬೇಕಾದ ಬ್ಲಾಕ್ಡ್ ಅಕೌಂಟಿಗೆ ಆಗ 10,332 ಯೂರೊ, ತಿಂಗಳಿಗೆ 861ರಂತೆ ವಾಪಸು. 2024ರ ಸೆಪ್ಟೆಂಬರಿನಲ್ಲಿ ಅದು 11,904 ಆಯಿತು. ನಾನು ಕಟ್ಟಿದ್ದರಲ್ಲಿ ಮೂರರಲ್ಲೊಂದು ಪಾಲು ನನ್ನ ಉಳಿತಾಯ, ಉಳಿದದ್ದು ಅಕ್ಕ-ಭಾವ ಕೊಟ್ಟ ಸಾಲ. ತಿಂಗಳ ಖರ್ಚು ಹೀಗೆ: ಹಾಸ್ಟೆಲ್ ರೂಮು 290, ಇನ್ಶೂರೆನ್ಸ್ 120, ಊಟ-ದಿನಸಿ 180, ಇತರೆ ನೂರು, ವಂತಿಗೆ ಹಂಚಿದರೆ ಎಪ್ಪತ್ತು. ಒಟ್ಟು 760 ಯೂರೊ. ಎರಡನೇ ಸೆಮಿಸ್ಟರಿನಲ್ಲಿ ಹಿವಿ ಕೆಲಸ, ಅಂದರೆ ಪ್ರೊಫೆಸರ್ ಕೈಕೆಳಗಿನ ವಿದ್ಯಾರ್ಥಿ ಸಹಾಯಕನ ಕೆಲಸ, ಸಿಕ್ಕಿತು. ತಿಂಗಳಿಗೆ ನಲವತ್ತು ಚಿಲ್ಲರೆ ಗಂಟೆ, 500 ಯೂರೊ ಮೇಲೆ. ಜರ್ಮನ್ ವಿದ್ಯಾರ್ಥಿಗಳ ಪೈಪೋಟಿಯಲ್ಲೂ ನನಗೇ ಸಿಕ್ಕಿತು, ಯಾಕೆಂದರೆ ಅರ್ಜಿ ಹಾಕಿದವರಲ್ಲಿ ಕುರೆಂಟ್ ಓದಬಲ್ಲವನು ನಾನೊಬ್ಬನೇ. ಇದನ್ನು ಹೇಳಿಕೊಳ್ಳಲು ನನಗೆ ಹೆಮ್ಮೆ ಇದೆ. ಎರಡನೇ ವರ್ಷದ ಕೊರತೆಯನ್ನು ಬೇಸಿಗೆ ರಜೆಯಲ್ಲಿ ಆರು ವಾರ ಪಾರ್ಸೆಲ್ ಗೋದಾಮಿನಲ್ಲಿ ದುಡಿದು ತುಂಬಿದೆ.

ಓದಿನಲ್ಲಿ ಮೊದಲ ಪೆಟ್ಟು ಮೊದಲ ಹೌಸ್‌ಆರ್‌ಬೈಟಿನಲ್ಲಿ ಬಿತ್ತು. ಇಪ್ಪತ್ತು ಪುಟದ ಸೆಮಿನಾರ್ ಪ್ರಬಂಧ, 3.0 ಬಂತು. 'ಡೆರ್ ಎವಾಂಗೆಲಿಷೆ ಹೈಡೆನ್‌ಬೋಟೆ' ಎಂಬ ಮಿಷನ್ ಪತ್ರಿಕೆ 1828ರಿಂದ ಬರುತ್ತಿತ್ತು. ಅದರಲ್ಲಿ ಅಚ್ಚಾದ ವರದಿಯನ್ನು ನಡೆದ ಸಂಗತಿ ಎಂದೇ ಹಿಡಿದು ಬರೆದಿದ್ದೆ. ಪ್ರೊಫೆಸರ್ ಅಂಚಿನಲ್ಲಿ ಒಂದೇ ಸಾಲು ಗೀಚಿದ್ದರು: "ಇಲ್ಲಿ ಮಾತಾಡುತ್ತಿರುವುದು ಯಾರು?" ಆ ಪತ್ರಿಕೆ ಓದುತ್ತಿದ್ದವರು ಮಿಷನ್ನಿಗೆ ಕಾಣಿಕೆ ಕೊಡುವ ಜನ. ಕೈಬರಹದ ಕಾಗದ ಅಚ್ಚಿಗೆ ಹೋಗುವಾಗ ಜಗಳ, ಸಾಲ, ಕಿರಿಕಿರಿ ಎಲ್ಲ ತೆಳುವಾಗುತ್ತವೆ. ಅಲ್ಲಿಂದ ಮುಂದೆ ಕೈಬರಹ ಎಡಕ್ಕೆ, ಅಚ್ಚು ಬಲಕ್ಕೆ ಇಟ್ಟು, ಬಿಟ್ಟುಹೋದ ಸಾಲುಗಳನ್ನು ಕೆಂಪಿನಲ್ಲಿ ಗುರುತು ಹಾಕುವುದೇ ನನ್ನ ಕ್ರಮವಾಯಿತು. ಕೊನೆಗೆ ಥೀಸಿಸ್ ನಿಂತದ್ದು ಆ ಕೆಂಪು ಸಾಲುಗಳ ಮೇಲೆ.

ಬಾಸೆಲ್‌ಗೆ ಮೊದಲ ಸಲ 2023ರ ಮಾರ್ಚಿನಲ್ಲಿ ಹೋದೆ. ಅತಿವೇಗದ ರೈಲು, ಊರೊಳಗೇ ಹಾಸ್ಟೆಲ್. ಐದು ದಿನಕ್ಕೆ 450 ಯೂರೊ ಹೋಯಿತು, ಓದಿದ್ದು ಮೂವತ್ತು ಪುಟ. ಬಾಸೆಲ್ಲಿನಲ್ಲಿ ಒಂದು ಊಟಕ್ಕೆ ಇಪ್ಪತ್ತು ಫ್ರಾಂಕ್ ಎಂದರೆ ಹೊಟ್ಟೆ ತಾನಾಗಿಯೇ ತುಂಬಿಹೋಗುತ್ತದೆ. ಮುಂದಿನ ಸಲ ಬುದ್ಧಿ ಉಪಯೋಗಿಸಿದೆ. ಅದೇ ಮೇನಲ್ಲಿ, ಆಗ ತಿಂಗಳಿಗೆ 49 ಯೂರೊ ಇದ್ದ ಡಾಯ್ಚ್‌ಲಾಂಡ್ ಟಿಕೆಟ್ ಬಂದಿತ್ತು. ಅದರಲ್ಲಿ ನಿಧಾನದ ರೈಲುಗಳನ್ನು ಬದಲಿಸುತ್ತ ಹತ್ತು ಗಂಟೆಯ ಹತ್ತಿರ ಕೂತರೆ ಬಾಸೆಲ್ಲಿನ ಬಾಡಿಷರ್ ಸ್ಟೇಷನ್ ತನಕ ಹೋಗಬಹುದು. ಉಳಿದುಕೊಳ್ಳಲು ಗಡಿಯ ಈಚೆ, ಜರ್ಮನಿಯ ವೈಲ್ ಆಮ್ ರೈನ್. ಅಲ್ಲಿಂದ 8ನೇ ನಂಬರಿನ ಟ್ರಾಮ್ ಗಡಿ ದಾಟಿ ಬಾಸೆಲ್ಲಿನ ನಡುವಿಗೇ ಹೋಗುತ್ತದೆ. ಬುತ್ತಿ ಜರ್ಮನಿಯಿಂದಲೇ. ಐದು ದಿನಕ್ಕೆ ಸುರಿದಷ್ಟೇ ದುಡ್ಡಿನಲ್ಲಿ ಹನ್ನೆರಡು ದಿನ ಕೂತು ಓದಿದೆ. ಆರ್ಕೈವ್‌ಗೆ ಮೊದಲೇ ಬರೆದು ದಿನ ಗೊತ್ತುಮಾಡಿಕೊಂಡೇ ಹೋಗಿ.

ಆ ಹನ್ನೆರಡು ದಿನಗಳಲ್ಲೇ ದೊಡ್ಡ ತಪ್ಪೊಂದು ಬಯಲಾಯಿತು. ನನ್ನ ವಿಷಯ 1851ರಲ್ಲಿ ಮಿಷನ್ನಿನ ಹಾಲರ್ ಎಂಬವನು ಮಂಗಳೂರಿನಲ್ಲಿ ಶುರು ಮಾಡಿದ ನೇಯ್ಗೆ ಕೆಲಸ, ಅದರಲ್ಲಿ ದುಡಿದವರ ಕೂಲಿ. ಮೊದಲ ಸಲ ತಂದಿದ್ದ ಪುಟಗಳಲ್ಲಿ 'ವೇಬರ್' ಎಂಬ ಹೆಸರು ಮತ್ತೆ ಮತ್ತೆ ಬರುತ್ತಿತ್ತು. ಯಾರೋ ವೇಬರ್ ಎಂಬ ಮೇಲ್ವಿಚಾರಕ ಇರಬೇಕು ಎಂದುಕೊಂಡು ಮಿಷನ್ನಿನ 'ಸಹೋದರರ', ಅಂದರೆ ಮಿಷನರಿಗಳ, ಪಟ್ಟಿಯಲ್ಲಿ ಮೂರು ವಾರ ಹುಡುಕಿದ್ದೆ. ಅವನ ಮೇಲೆ ಆರು ಪುಟ ಬರೆದೂ ಆಗಿತ್ತು. ಪಕ್ಕದ ಮೇಜಿನಲ್ಲಿ ಓದುತ್ತಿದ್ದ ಹಿರಿಯರೊಬ್ಬರಿಗೆ ಪುಟ ತೋರಿಸಿದೆ. ಅವರು ಪೆನ್ಸಿಲಿನ ಹಿಂಬದಿಯಿಂದ ಮೇಲಿನ ಸಾಲು ತೋರಿಸಿದರು: 'ಮಂಗಳೂರ್' ಎಂಬುದು ದುಂಡಗಿನ ಲ್ಯಾಟಿನ್ ಅಕ್ಷರದಲ್ಲಿದೆ, 'ಹಾಲರ್' ಕೂಡ. ಹೆಸರುಗಳನ್ನು ಈ ಬರಹಗಾರ ಲ್ಯಾಟಿನ್ನಿನಲ್ಲೇ ಬರೆಯುತ್ತಾನೆ. 'ವೇಬರ್' ಮಾತ್ರ ಮೊನಚು ಕುರೆಂಟಿನಲ್ಲಿದೆ. ಹಾಗಾದರೆ ಅದು ಹೆಸರಲ್ಲ. ವೇಬರ್ ಎಂದರೆ ನೇಕಾರ. ಜರ್ಮನ್ನಿನಲ್ಲಿ ಎಲ್ಲ ನಾಮಪದಗಳಿಗೂ ದೊಡ್ಡಕ್ಷರ ಇರುವುದರಿಂದ ನಾನು ಮೋಸ ಹೋಗಿದ್ದೆ.

ಆರು ಪುಟ ಹರಿದುಹಾಕಿದೆ. ಆದರೆ ಅವತ್ತು ಸಂಜೆ ಅದೇ ಪುಟಗಳನ್ನು ತಿರುಗಿ ಓದಿದಾಗ, ಒಬ್ಬ ಮೇಲ್ವಿಚಾರಕ ಇದ್ದ ಜಾಗದಲ್ಲಿ ಹತ್ತಾರು ನೇಕಾರರು ಎದ್ದು ನಿಂತರು. ಇನ್ನೊಂದು ಪದ, 'ಬಿಲ್ಲವೆರ್', ಅಂದರೆ ಶೇಂದಿ ಇಳಿಸುತ್ತಿದ್ದ ಬಿಲ್ಲವ ಸಮುದಾಯದವರು. ಜರ್ಮನ್ ಓದುಗರಿಗೆ ಅದು ಜರ್ಮನ್ ಬಹುವಚನದ ಹಾಗೆ ಕಾಣುತ್ತದೆ. ತುಳು ಬಲ್ಲವರಿಗೆ ಅದು ತುಳುವಿನದೇ ಬಹುವಚನ. ಬರೆದವನು ಜನರ ಬಾಯಿಂದ ಕೇಳಿದ್ದನ್ನೇ ಹಾಗೇ ಇಳಿಸಿದ್ದಾನೆ. ಶೇಂದಿ ಇಳಿಸುತ್ತಿದ್ದವರು ಮಗ್ಗಕ್ಕೆ ಬಂದ ಕಥೆಯನ್ನು ಓದಲು ಎರಡು ದಡದ ಭಾಷೆಯೂ ಬೇಕು. ನಮ್ಮ ಭಾಷೆ ಗೊತ್ತಿರುವುದು ಅಲ್ಲಿ ನಮ್ಮ ಕೊರತೆಯಲ್ಲ, ಬಂಡವಾಳ.

ನಡುವೆ ಒಂದೆರಡು ಅಡ್ಡ ಪ್ರಯೋಗವನ್ನೂ ಮಾಡಿದೆ. ಟ್ರಾನ್ಸ್‌ಕ್ರಿಬಸ್ ಎಂಬ ಕೈಬರಹ ಓದುವ ತಂತ್ರಾಂಶಕ್ಕೆ ಅರವತ್ತು ಪುಟ ಕೊಟ್ಟು ನೋಡಿದೆ. ಶುದ್ಧ ಕೈಬರಹದಲ್ಲಿ ನೂರಕ್ಕೆ ಹತ್ತಕ್ಷರ ತಪ್ಪು, ಅವಸರದ ಕೈಬರಹದಲ್ಲಿ ಕಾಲು ಭಾಗವೇ ತಪ್ಪು. ತುಳು, ಕನ್ನಡ ಹೆಸರು ಬಂದರಂತೂ ಪೂರ್ತಿ ದಾರಿ ತಪ್ಪುತ್ತದೆ. ಯಾವ ಪುಟದಲ್ಲಿ ನೇಯ್ಗೆಯ ಮಾತಿದೆ ಎಂದು ಮೇಲೆ ಮೇಲೆ ಹುಡುಕಲು ಸಾಕು, ಉಲ್ಲೇಖಿಸಲು ಸಾಲದು. ಇನ್ನೊಂದು ರಜೆಯಲ್ಲಿ ಡಚ್ಚರ ವಿಒಸಿ (ಡಚ್ ಈಸ್ಟ್ ಇಂಡಿಯಾ ಕಂಪನಿ) ಕಡತಗಳ ಕಡೆ ಹೋದೆ. ಹೇಗ್‌ನ ರಾಷ್ಟ್ರೀಯ ಆರ್ಕೈವ್‌ನಲ್ಲಿರುವ ಅವುಗಳ ಐವತ್ತು ಲಕ್ಷದ ಹತ್ತಿರ ಪುಟಗಳನ್ನು ಗ್ಲೋಬಲೈಸ್ ಎಂಬ ಯೋಜನೆ ಯಂತ್ರದಿಂದ ಓದಿಸಿ ಹುಡುಕುವಂತೆ ಮಾಡಿದೆ. ಬಸ್ರೂರನ್ನು 'ಬಾರ್ಸೆಲೋರ್' ಎಂದು ಹುಡುಕಿ ಒಂದು ವಾರ ಮೈಮರೆತೆ. ಥೀಸಿಸ್ಸಿಗೆ ಒಂದು ಸಾಲೂ ದಕ್ಕಲಿಲ್ಲ, ಆದರೆ ಡಚ್ ಕಲಿಯುವ ಆಸೆ ಹತ್ತಿತು. ಕರಾವಳಿಯ ಹದಿನೇಳನೇ ಶತಮಾನದ ವ್ಯಾಪಾರದ ಮೇಲೆ ಕೆಲಸ ಮಾಡುವವರು ಯಾರಾದರೂ ಇದ್ದರೆ ಅಲ್ಲಿಗೆ ಬೇಗ ಹೋಗಿ.

ಎರಡು ವರ್ಷದ ಕೋರ್ಸು ಎಳೆದು ಐದು ಸೆಮಿಸ್ಟರ್ ಆಯಿತು. ಅಲ್ಲಿ ಅದನ್ನು ಯಾರೂ ತಪ್ಪೆಂದು ನೋಡುವುದಿಲ್ಲ, ಆದರೆ ವಾಸದ ಪರ್ಮಿಟ್ ವಿಸ್ತರಣೆಗೆ ದುಡ್ಡಿನ ಪುರಾವೆ ಮತ್ತೆ ತೋರಿಸಬೇಕು, ಆ ಎರಡು ತಿಂಗಳು ನಿದ್ದೆಗೆಟ್ಟಿದ್ದೆ. ಈಗ ಅಲ್ಲೇ ಪಿಎಚ್.ಡಿ. ಹುದ್ದೆ ಸಿಕ್ಕಿದೆ. ಇ-13 ಎಂಬ ವೇತನ ಶ್ರೇಣಿಯ 65 ಪರ್ಸೆಂಟ್, ತೆರಿಗೆ ಕಳೆದು ಕೈಗೆ ಎರಡು ಸಾವಿರ ಯೂರೊ ಹತ್ತಿರ. ಅಕ್ಕ-ಭಾವನ ಸಾಲದಲ್ಲಿ ಅರ್ಧ ತೀರಿದೆ. ಎಂಟು ತಿಂಗಳು ಕೊಡಿ ಎಂದು ನಾನು ಕೇಳಿದ್ದ ಮೇಷ್ಟ್ರಿಗೆ ಥೀಸಿಸ್ಸಿನ ಪ್ರತಿ ಕಳಿಸಿದೆ. ಅವರು ಫೋನ್ ಮಾಡಿ ಮೊದಲು ಕೇಳಿದ್ದು ಅನುಬಂಧದ ಬಗ್ಗೆ: ಅಲ್ಲಿ ಕೊಟ್ಟಿರುವ ಕೂಲಿ ಪಟ್ಟಿಯಲ್ಲಿ ಇಪ್ಪತ್ತಮೂರನೇ ಹೆಸರನ್ನು ನಾನು ಸರಿಯಾಗಿ ಓದಿದ್ದೇನೆಯೇ ಎಂದು. ಬಹುಶಃ ಇಲ್ಲ. ಮುಂದಿನ ವಾರ 8ನೇ ಟ್ರಾಮ್ ಹತ್ತಿ ಹೋಗಿ ಮೂಲವನ್ನು ಇನ್ನೊಮ್ಮೆ ನೋಡುತ್ತೇನೆ.